ಮೀಮ್ ಎಂದರೇನು? ನಕಲಿನಿಂದ ಉಳಿಯುವ ಸಂಸ್ಕೃತಿಯ ಕುರಿತು



ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಈಚೆಗೆ ಎರಡು ಪಕ್ಷಗಳಾಗಿವೆ. ಕಿರಿಯ ಸದಸ್ಯರು ಸಿನಿಮಾದ ಒಂದು ಚಿತ್ರ ತೆಗೆದು, ಅದರ ಮೇಲೆ ಎರಡು ಸಾಲು ಬರೆದು ಹಾಕುತ್ತಾರೆ. ಅದಕ್ಕೆ ಮೀಮ್ ಎನ್ನುತ್ತಾರೆ. ಹಿರಿಯರು 'ಕನ್ನಡ ಸಂಘದಲ್ಲಿ ಇದೇನು ಹುಡುಗಾಟ' ಎಂದು ಬೇಸರಪಡುತ್ತಾರೆ. ಮೀಮ್ ಎಂದರೆ ನಿಜವಾಗಿ ಏನು, ಎಲ್ಲಿಂದ ಬಂತು ಎಂದು ಎರಡೂ ಕಡೆಯವರು ಕೇಳಿದ್ದರಿಂದ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇವೆ. ಇದು ತಮಾಷೆ ಚಿತ್ರಗಳ ವಿಷಯ ಮಾತ್ರವಲ್ಲ. ಗಡಿಯಾಚೆ ನಿಂತು ಕನ್ನಡ ಉಳಿಸಿಕೊಳ್ಳಬೇಕಾದ ನಮ್ಮೆಲ್ಲರಿಗೂ ಸಂಬಂಧಪಟ್ಟದ್ದು.

ಪದ ಹುಟ್ಟಿದ ಬಗೆ

ಮೀಮ್ ಎಂಬ ಪದ ಮೊಬೈಲ್ ಫೋನಿಗಿಂತ ಹಳೆಯದು. 1976ರಲ್ಲಿ ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಡಾಕಿನ್ಸ್ 'ದಿ ಸೆಲ್ಫಿಶ್ ಜೀನ್' ಎಂಬ ಪುಸ್ತಕ ಪ್ರಕಟಿಸಿದರು. ಪುಸ್ತಕದ ಬಹುಭಾಗ ಜೀನುಗಳ ಕುರಿತು, ಅಂದರೆ ತಂದೆತಾಯಿಯಿಂದ ಮಕ್ಕಳಿಗೆ ಇಳಿದು ಬರುವ ವಂಶವಾಹಿಗಳ ಕುರಿತು. ಕೊನೆಯ ಅಧ್ಯಾಯದಲ್ಲಿ ಅವರು ಬೇರೊಂದು ಪ್ರಶ್ನೆ ಎತ್ತಿದರು. ರಕ್ತದ ಮೂಲಕ ಇಳಿಯದೆ, ಒಬ್ಬರು ಮಾಡಿದ್ದನ್ನು ನೋಡಿ ಇನ್ನೊಬ್ಬರು ಮಾಡುವುದರಿಂದಲೇ ಹರಡುವ ಸಂಗತಿಗಳು ಮನುಷ್ಯರಲ್ಲಿ ಎಷ್ಟೋ ಇವೆ. ಹಾಡಿನ ಮಟ್ಟು, ಒಂದು ವಿಚಾರ, ಬಾಯಿಗೆ ಹತ್ತಿದ ನುಡಿ, ಉಡುಪಿನ ರೀತಿ, ಮಡಕೆ ಮಾಡುವ ಬಗೆ, ಕಮಾನು ಕಟ್ಟುವ ಬಗೆ ಹೀಗೆ. ಇವುಗಳಿಗೆ ಒಂದು ಹೆಸರು ಬೇಕಲ್ಲ? 'ಅನುಕರಿಸಿದ್ದು' ಎಂಬ ಅರ್ಥ ಬರುವ ಗ್ರೀಕ್ ಮೂಲದ 'ಮಿಮೀಮ್' ಎಂಬ ಪದವನ್ನು ಮೊಟಕು ಮಾಡಿ, ಜೀನ್ ಎಂಬುದಕ್ಕೆ ಪ್ರಾಸ ಕೂಡುವಂತೆ ಅವರು 'ಮೀಮ್' ಎಂದು ಕರೆದರು. ಇಂಟರ್ನೆಟ್ಟಿನ ಕಾಲದವರು ಆ ಪದವನ್ನು ತಮ್ಮ ತಮಾಷೆ ಚಿತ್ರಗಳಿಗೆ ಇಟ್ಟುಕೊಂಡದ್ದು ಆಮೇಲೆ.

ಜೀನಿಗೂ ಮೀಮಿಗೂ ಇರುವ ವ್ಯತ್ಯಾಸ ಸರಳ. ಕೂಸಿಗೆ ತಾಯಿಯ ಮೂಗು, ಕಣ್ಣು ಹುಟ್ಟಿನಿಂದ ಬರುತ್ತವೆ. ತಾಯಿಯ ಜೋಗುಳ ಹಾಗೆ ಬರುವುದಿಲ್ಲ, ಕೇಳಿ ಕಲಿಯಬೇಕು. ಜತ್ತದ ಕನ್ನಡ ಮನೆಯಲ್ಲಿ ಹುಟ್ಟಿದ ಕೂಸನ್ನು ಹಸುಗೂಸಾಗಿದ್ದಾಗಲೇ ಬೇರೆ ಭಾಷೆಯ ಮನೆಯಲ್ಲಿ ಬೆಳೆಸಿದರೆ ಮುಖ ಅಜ್ಜನದೇ ಇರುತ್ತದೆ, ಮಾತು ಮಾತ್ರ ಬೆಳೆದ ಮನೆಯದಾಗುತ್ತದೆ. 'ಕನ್ನಡ ನಮ್ಮ ರಕ್ತದಲ್ಲಿದೆ' ಎಂದು ವೇದಿಕೆಯ ಮೇಲೆ ನಾವೆಲ್ಲ ಹೇಳುತ್ತೇವೆ. ಭಾವನೆ ಒಳ್ಳೆಯದೇ. ಆದರೆ ರಕ್ತದಲ್ಲಿ ಯಾವ ಭಾಷೆಯೂ ಇಲ್ಲ. ಪ್ರತಿ ತಲೆಮಾರೂ ಅದನ್ನು ಹೊಸದಾಗಿ ನಕಲು ಮಾಡಿಕೊಳ್ಳಬೇಕು.

ನಕಲು ಉಳಿಯಲು ಬೇಕಾದ ಗುಣಗಳು

ಒಂದು ಮೀಮ್ ಗೆಲ್ಲಬೇಕಾದರೆ ಮೂರು ಗುಣ ಬೇಕೆಂದು ಡಾಕಿನ್ಸ್ ಹೇಳಿದರು. ಅದು ಬಹುಕಾಲ ಬಾಳಬೇಕು, ಬೇಗ ಬೇಗ ಮರಿ ಹಾಕಬೇಕು, ನಕಲು ಮೂಲಕ್ಕೆ ಸಾಕಷ್ಟು ಸರಿಯಾಗಿರಬೇಕು.

ಇಡೀ ಜೀವಮಾನ ಕಚೇರಿಯಲ್ಲಿ ನಕಲು ತೆಗೆದ ನಮ್ಮಂಥವರಿಗೆ ಮೂರನೆಯ ಗುಣದ ಬೆಲೆ ಚೆನ್ನಾಗಿ ಗೊತ್ತು. ಜೆರಾಕ್ಸ್ ಬರುವ ಮೊದಲು ಜಮೀನಿನ ದಾಖಲೆಯ ನಕಲನ್ನು ಕೈಯಲ್ಲಿ ಬರೆದ ಮೇಲೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನಕಲಿನ ಮೇಲೆ ಬೆರಳಿಟ್ಟು ನೋಡುವುದು ಪದ್ಧತಿ. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಒಬ್ಬರ ಹೊಲ ಇನ್ನೊಬ್ಬರ ಹೆಸರಿಗೆ ಹೋದೀತು. ತಾಳೆ ನೋಡಿದವರ ರುಜು ಬೀಳದೆ ನಕಲಿಗೆ ಬೆಲೆಯಿಲ್ಲ.

ಬರವಣಿಗೆಯ ನೆರವಿಲ್ಲದೆ, ಬರೀ ಬಾಯಿಂದ ಬಾಯಿಗೆ ದಾಟುವಾಗಲೂ ಇಂಥ ತಾಳೆ ನೋಡುವ ಏರ್ಪಾಡು ನಮ್ಮ ದೇಶದಲ್ಲಿ ಬಹು ಹಿಂದೆಯೇ ಇತ್ತು. ವೇದಪಾಠದ ಕ್ರಮ, ಜಟೆ, ಘನ ಎಂಬ ಪದ್ಧತಿಗಳನ್ನು ನೋಡಿ. ಕ್ರಮಪಾಠದಲ್ಲಿ ಮೊದಲ ಪದ–ಎರಡನೆಯ ಪದ, ಎರಡನೆಯದು–ಮೂರನೆಯದು ಎಂದು ಜೋಡಿ ಜೋಡಿಯಾಗಿ ಹೇಳುತ್ತಾರೆ. ಜಟೆಯಲ್ಲಿ ಅದೇ ಜೋಡಿಯನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೇಳುತ್ತಾರೆ. ಒಂದು ಪದ ಜಾರಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಹಾಗಂತ ಎಲ್ಲವನ್ನೂ ಅಕ್ಷರ ಬಿಡದೆ ನಕಲು ಮಾಡುವುದೇ ಸಂಸ್ಕೃತಿಯಲ್ಲ. ಕಾಸರಗೋಡಿನ ಸದಸ್ಯರಿಗೆ ತಾಳಮದ್ದಳೆಯನ್ನು ವಿವರಿಸಬೇಕಾಗಿಲ್ಲ. ಉಳಿದ ಊರಿನವರಿಗಾಗಿ ಹೇಳುತ್ತೇವೆ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿ ಇರುವಂಥದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಆದರೆ ಪದ್ಯದ ಬೆನ್ನಿಗೆ ಅರ್ಥಧಾರಿ ಆಡುವ ಮಾತು ಅವರ ಸ್ವಂತದ್ದು. ಅದು ಆ ರಾತ್ರಿಯದು, ಎದುರಿಗಿರುವ ಅರ್ಥಧಾರಿಯ ವಾದಕ್ಕೆ ತಕ್ಕಂತೆ ಹುಟ್ಟಿದ್ದು. ಇವತ್ತಿನ ವಾಲಿ ನಾಳಿನ ವಾಲಿಯಂತೆ ವಾದಿಸುವುದಿಲ್ಲ. ಪದ್ಯ ಸ್ಥಿರ, ಅರ್ಥ ಚರ. ಪದ್ಯ ಬದಲಾಗುತ್ತಾ ಹೋಗಿದ್ದರೆ ಪ್ರಸಂಗ ಕರಗಿಹೋಗುತ್ತಿತ್ತು. ಅರ್ಥ ಬದಲಾಗದೇ ಇದ್ದಿದ್ದರೆ ಕೇಳುವವರು ಎದ್ದುಹೋಗುತ್ತಿದ್ದರು. ಉಳಿಯುವುದು, ಬದಲಾಗುವುದು ಎರಡೂ ಒಂದೇ ಕಲೆಯಲ್ಲಿ ಹೇಗೆ ಕೂಡಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಬಾಯಿಂದ ಬಾಯಿಗೆ

ಕತೆಗಳು ದಾಟುವಾಗ ಏನಾಗುತ್ತದೆ ಎಂಬುದನ್ನು ಕೇಂಬ್ರಿಡ್ಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಪರೀಕ್ಷೆ ಮಾಡಿ ನೋಡಿದರು. ಅವರ ಪುಸ್ತಕ ಬಂದದ್ದು 1932ರಲ್ಲಿ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಭೂತದ ಕತೆಯನ್ನು ಇಂಗ್ಲೆಂಡಿನ ಒಬ್ಬರಿಗೆ ಓದಲು ಕೊಟ್ಟು, ನೆನಪಿನಿಂದ ಬರೆಸುವುದು. ಅವರು ಬರೆದದ್ದನ್ನು ಮುಂದಿನವರಿಗೆ ಕೊಡುವುದು. ಹೀಗೆ ಸಾಗುತ್ತ ಕತೆ ಮೊಟಕಾಯಿತು. ಅರ್ಥವಾಗದ ಭೂತದ ಸಂಗತಿ ಮಸುಕಾಯಿತು ಅಥವಾ ಬಿಟ್ಟೇಹೋಯಿತು. ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆ ಹೋದವರು ಮೀನು ಹಿಡಿಯಲು ಹೋದವರಾದರು. ಜನ ಕೇಳಿದ್ದನ್ನು ಹಾಗೆಯೇ ಒಪ್ಪಿಸುವುದಿಲ್ಲ. ತಮಗೆ ಪರಿಚಯವಿದ್ದ ಆಕಾರಕ್ಕೆ ತಂದುಕೊಂಡು ಮುಂದಿನವರಿಗೆ ಹೇಳುತ್ತಾರೆ.

ಇನ್ನು ಕೆಲವು ಸಂಗತಿಗಳು ನಕಲಾಗುವುದಕ್ಕೆಂದೇ ಹುಟ್ಟಿರುತ್ತವೆ. ದೇವರ ಹೆಸರಿನಲ್ಲಿ ಬರುತ್ತಿದ್ದ ಪೋಸ್ಟ್‌ಕಾರ್ಡುಗಳು ಹಿರಿಯ ಸದಸ್ಯರಿಗೆ ನೆನಪಿರಬೇಕು. 'ಇದನ್ನು ಇಷ್ಟು ಜನಕ್ಕೆ ಬರೆದು ಕಳಿಸಿ. ಕಳಿಸಿದವರಿಗೆ ಭಾಗ್ಯ ಬಂತು, ಹರಿದು ಹಾಕಿದವರಿಗೆ ಕೇಡಾಯಿತು' ಎಂಬ ಒಕ್ಕಣೆ. ಕಾರ್ಡಿನಲ್ಲಿ ಬೇರೆ ವಿಷಯವೇ ಇರುತ್ತಿರಲಿಲ್ಲ, ತನ್ನನ್ನು ನಕಲು ಮಾಡು ಎಂಬ ಆಜ್ಞೆ ಮಾತ್ರ. ಇಂಥ ಸರಪಳಿ ಪತ್ರಗಳು ಪಶ್ಚಿಮದ ದೇಶಗಳಲ್ಲೂ ಇದ್ದವು. ಚಾರ್ಲ್ಸ್ ಬೆನೆಟ್, ಮಿಂಗ್ ಲಿ, ಬಿನ್ ಮಾ ಎಂಬ ಮೂವರು ಅಂಥ 33 ಪತ್ರಗಳನ್ನು ಒಂದಕ್ಕೊಂದು ತಾಳೆ ನೋಡಿ, ಯಾವುದರಿಂದ ಯಾವುದು ಹುಟ್ಟಿತು ಎಂದು ವಂಶವೃಕ್ಷವನ್ನೇ ಬರೆದು 2003ರಲ್ಲಿ ಪ್ರಕಟಿಸಿದರು. ನಕಲು ಮಾಡುವಾಗ ಆದ ತಪ್ಪುಗಳೇ ಅವರಿಗೆ ದಾರಿ ತೋರಿದವು. ಜೀವಿಗಳ ವಂಶ ಹುಡುಕುವವರ ಲೆಕ್ಕಾಚಾರವೇ ಇಲ್ಲೂ ನಡೆಯಿತು.

ಇದರಿಂದ ಒಂದು ಎಚ್ಚರಿಕೆಯೂ ಇದೆ. ಹರಡುವುದಕ್ಕೂ ನಿಜವಾಗಿರುವುದಕ್ಕೂ ಸಂಬಂಧವಿಲ್ಲ. ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಯುನೆಸ್ಕೋ ಘೋಷಿಸಿತು ಎಂಬ ಸಂದೇಶ ಎಷ್ಟೋ ವರ್ಷಗಳಿಂದ ಸುತ್ತುತ್ತಿದೆ. ಯುನೆಸ್ಕೋ ಅಂಥ ಘೋಷಣೆ ಮಾಡಿಯೇ ಇಲ್ಲ. ಆದರೂ ಆಗಸ್ಟ್ ಬಂದರೆ ಸಂದೇಶ ಮತ್ತೆ ಜೀವ ಪಡೆಯುತ್ತದೆ. ಓದಿದವರಿಗೆ ಹೆಮ್ಮೆಯಾಗುತ್ತದೆ, ಬೆರಳು ತಾನಾಗಿ ಒತ್ತುತ್ತದೆ. ಹೆಮ್ಮೆ, ಭಯ, ಸಿಟ್ಟು ಈ ಮೂರನ್ನು ಎಬ್ಬಿಸುವ ಮಾತು ಬೇಗ ಓಡುತ್ತದೆ. ಗಡಿಯ ಊರುಗಳಲ್ಲಿ, ಎರಡು ಭಾಷೆಯವರು ಒಂದೇ ಬೀದಿಯಲ್ಲಿ ಬಾಳುವ ಕಡೆ, ಸುಳ್ಳು ಸಂದೇಶ ಏನು ಮಾಡಬಲ್ಲದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೂಲಕ್ಕೆ ತಾಳೆ ನೋಡದೆ ಮುಂದೆ ಕಳಿಸಬೇಡಿ ಎಂದು ವಿನಂತಿ.

ನಕಲಾಗುವಾಗ ಸಂದರ್ಭ ಕಳಚಿಹೋಗುವುದೂ ಉಂಟು. 2022ರಲ್ಲಿ 'ಕಾಂತಾರ' ಚಿತ್ರ ಬಂದಾಗ ಅದರಲ್ಲಿನ ದೈವದ ಕೂಗನ್ನು ಊರೂರಲ್ಲಿ ಹುಡುಗರು ಕೂಗತೊಡಗಿದರು. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ದೈವವನ್ನು ನಂಬಿ ನಡೆಯುವವರಿಗೆ ಅದು ನೋವಿನ ಸಂಗತಿ. ಚಿತ್ರದ ನಿರ್ದೇಶಕರೂ ನಟರೂ ಆದ ರಿಷಬ್ ಶೆಟ್ಟಿಯವರೇ ಆ ಕೂಗನ್ನು ಅನುಕರಿಸಬೇಡಿ ಎಂದು ಕೇಳಿಕೊಂಡರು. ಕೂಗು ದೂರದೂರಕ್ಕೆ ಹೋಯಿತು, ಅದರ ಹಿಂದಿನ ನಂಬಿಕೆ ಅಷ್ಟು ದೂರ ಹೋಗಲಿಲ್ಲ.

ಕೋತಿಯ ಗೆಣಸು, ನಮ್ಮ ತಟ್ಟೆಯ ಚಟ್ನಿ

ಅನುಕರಣೆ ಮನುಷ್ಯರಲ್ಲಿ ಮಾತ್ರವೇ ಎಂದರೆ, ಅಲ್ಲ. ಜಪಾನಿನ ಕೋಶಿಮಾ ಎಂಬ ಸಣ್ಣ ದ್ವೀಪದಲ್ಲಿ 1953ರಲ್ಲಿ ಒಂದು ಎಳೆಯ ಹೆಣ್ಣು ಕೋತಿ ಮರಳು ಮೆತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಸಂಶೋಧಕರು ಅದಕ್ಕೆ ಇಮೋ ಎಂದು ಹೆಸರಿಟ್ಟಿದ್ದರು. ಮೊದಲು ಅದರ ಜೊತೆ ಆಡುವ ಮರಿಗಳಿಗೆ, ಅದರ ತಾಯಿಗೆ ಆ ಅಭ್ಯಾಸ ಬಂತು. ಕ್ರಮೇಣ ಗುಂಪಿನ ಬಹುಪಾಲಿಗೆ ಹರಡಿತು. ಕಲಿಯದೆ ಉಳಿದವು ಹೆಚ್ಚಾಗಿ ವಯಸ್ಸಾದ ಗಂಡು ಕೋತಿಗಳು. ಇದನ್ನು ಓದಿ ನಮ್ಮ ಕಾರ್ಯಕಾರಿ ಸಮಿತಿಯ ಹಿರಿಯರು ನಕ್ಕರು.

ಆದರೆ ಕೋತಿಗಳ ಕಲಿಕೆ ಬೇಗ ನಿಲ್ಲುತ್ತದೆ. ಮನುಷ್ಯರು ಹಿಂದಿನವರು ಬಿಟ್ಟ ಕಡೆಯಿಂದ ಮುಂದುವರಿಸುತ್ತಾರೆ. ಕಾರಿನ ಚಕ್ರ ಬಿಚ್ಚುವಾಗ ಇಡುವ ಜಾಕ್ ಒಂದೊಂದೇ ಹಲ್ಲು ಮೇಲೇರಿ ಹಿಂದಕ್ಕೆ ಜಾರದೆ ನಿಲ್ಲುತ್ತದಲ್ಲ, ಹಾಗೆ. ಮೈಕೆಲ್ ಟೊಮಸೆಲ್ಲೊ ಎಂಬ ವಿದ್ವಾಂಸರು ಮನುಷ್ಯ ಸಂಸ್ಕೃತಿಯ ಬೆಳವಣಿಗೆಯನ್ನು ಇಂಥದೇ ಹಲ್ಲುಗಾಲಿಗೆ ಹೋಲಿಸಿದ್ದಾರೆ.

ಸೊಲ್ಲಾಪುರದ ಮನೆಯ ತಟ್ಟೆಯನ್ನೇ ನೋಡೋಣ. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಇದಕ್ಕಿಂತ ನಮ್ಮದು ಎನ್ನಬಹುದಾದದ್ದು ಯಾವುದಿದೆ? ಆದರೆ ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಹಡಗೇರಿ ಬಂದದ್ದು. 1500ಕ್ಕೆ ಮೊದಲು ನಮ್ಮ ನಾಡಿನ ಯಾವ ಒರಳೂ ಈ ಎರಡನ್ನು ಕಂಡಿರಲಿಲ್ಲ. ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂತು, ದಕ್ಷಿಣದವರ ರಾಗಿಯೂ ಅಲ್ಲಿಂದಲೇ. ಮೆಣಸಿನಕಾಯಿ ಎಂಬ ಹೆಸರಲ್ಲೇ ಇತಿಹಾಸ ಅಡಗಿದೆ. ಖಾರಕ್ಕೆ ನಮ್ಮಲ್ಲಿ ಮೊದಲಿದ್ದದ್ದು ಮೆಣಸು. ಹೊಸದಾಗಿ ಬಂದ ಕಾಯಿಗೆ ಅದರ ಹೆಸರನ್ನೇ ಕೊಟ್ಟೆವು. ಆಮೇಲೆ ಹೊಸದು ಎಷ್ಟು ಬಲಿತಿತೆಂದರೆ, ಹಳೆಯ ಮೆಣಸೇ ಕಾಳುಮೆಣಸು, ಒಳ್ಳೆಮೆಣಸು ಎಂದು ಗುರುತು ಹೇಳಿಕೊಳ್ಳಬೇಕಾಯಿತು.

ನಮ್ಮ ಕಚೇರಿಯ ಮಾತೂ ಹಾಗೆಯೇ. ಅರ್ಜಿ, ಜಮೀನು, ವಸೂಲಿ, ತಹಶೀಲ್ದಾರ ಇವೆಲ್ಲ ಅರಬಿ, ಪಾರಸಿಯಿಂದ ಆಡಳಿತದ ಜೊತೆ ಬಂದು ಕನ್ನಡವಾದವು. ಆದ್ದರಿಂದ ನಮ್ಮ ಮಕ್ಕಳ ಕನ್ನಡದಲ್ಲಿ ಒಂದು ಮಲಯಾಳಂ ಪದ, ಒಂದು ಮರಾಠಿ ಪದ, ಒಂದು ತೆಲುಗು ಪದ ಸೇರಿದೆ ಎಂದು ಕೊರಗಬೇಕಾಗಿಲ್ಲ. ಹೊರಗಿನದು ಬಂದು ಸೇರಿದ್ದರಿಂದ ಕನ್ನಡ ಎಲ್ಲೂ ಹೋಗಿಲ್ಲ. ಅದು ಹೋಗುವುದು ನಕಲು ಮಾಡುವವರು ಇಲ್ಲವಾದಾಗ.

ಕಲಿಯುವವರು ಕಡಿಮೆಯಾದರೆ

ಈ ಮಾತಿಗೆ ವಿದ್ವಾಂಸರು ಕೊಡುವ ಒಂದು ಉದಾಹರಣೆ ಟಾಸ್ಮೇನಿಯಾ. ಸುಮಾರು ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಕಡಲು ಏರಿ, ಆಸ್ಟ್ರೇಲಿಯಾದಿಂದ ಅದು ದ್ವೀಪವಾಗಿ ಬೇರೆಯಾಯಿತು. ಅಲ್ಲಿನ ಜನ ಕೆಲವೇ ಸಾವಿರ. ನೆಲ ಅಗೆದು ನೋಡಿದಾಗ, ಹಿಂದೆ ಅವರಲ್ಲಿದ್ದ ಮೂಳೆಯ ಉಪಕರಣಗಳು ಕಾಲಕ್ರಮೇಣ ಕಾಣೆಯಾದದ್ದು ತಿಳಿಯಿತು. ಜೋಸೆಫ್ ಹೆನ್ರಿಕ್ 2004ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಕಷ್ಟದ ಕೆಲಸವನ್ನು ಕಲಿಯುವವರಲ್ಲಿ ಹೆಚ್ಚಿನವರು ಗುರುವಿಗಿಂತ ತುಸು ಕಡಿಮೆಯೇ ಕಲಿಯುತ್ತಾರೆ. ಅಪರೂಪಕ್ಕೊಬ್ಬರು ಗುರುವನ್ನೂ ಮೀರಿಸುತ್ತಾರೆ. ಕಲಿಯುವವರು ಬಹಳ ಮಂದಿ ಇದ್ದರೆ ಅಂಥ ಒಬ್ಬರು ಪ್ರತಿ ತಲೆಮಾರಿನಲ್ಲೂ ಸಿಗುತ್ತಾರೆ, ವಿದ್ಯೆ ನಿಲ್ಲುತ್ತದೆ. ಕೆಲವೇ ಮಂದಿಯಿದ್ದು, ಹೊರಗಿನ ಸಂಪರ್ಕವೂ ಕಡಿದುಹೋದರೆ ವಿದ್ಯೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಯಾರ ಬುದ್ಧಿಯೂ ಕಡಿಮೆಯಾಗಿರುವುದಿಲ್ಲ, ಕಡಿಮೆಯಾಗಿರುವುದು ಜನರ ಸಂಖ್ಯೆ.

ಈ ವಿವರಣೆಯನ್ನು ಎಲ್ಲರೂ ಒಪ್ಪಿಲ್ಲ. ಅವರಿಗೆ ಆ ಉಪಕರಣ ಬೇಡವಾಗಿ ಬಿಟ್ಟಿರಬಹುದು ಎನ್ನುವವರಿದ್ದಾರೆ. ಟಾಸ್ಮೇನಿಯಾದ ಮೂಲನಿವಾಸಿಗಳ ವಂಶದವರು ಇಂದಿಗೂ ಇದ್ದಾರೆ, ತಮ್ಮ ನುಡಿಯನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದಾರೆ. ವಾದ ಏನೇ ಇರಲಿ, ಕಲಿಯುವವರ ಸಂಖ್ಯೆಯ ಮಾತು ನಮಗೆ ನೇರವಾಗಿ ತಾಗುತ್ತದೆ.

ಆದೋನಿ, ಆಲೂರು, ರಾಯದುರ್ಗ 1953ರಲ್ಲೇ ಆಂಧ್ರಕ್ಕೆ ಸೇರಿದವು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಂದು ಶಾಲೆಯಲ್ಲಿದ್ದವರು ಈಗ ಅಜ್ಜ ಅಜ್ಜಿಯರು. ಭೂಮಿ ಅಲ್ಲೇ ಇದೆ, ಮನೆಗಳೂ ಅಲ್ಲೇ ಇವೆ. ಆದರೆ ಅಂಗಡಿಯ ಬೋರ್ಡು, ಬಸ್ಸಿನ ಫಲಕ, ಅರ್ಜಿಯ ನಮೂನೆ, ಕೆಲಸದ ಪರೀಕ್ಷೆ ಬೇರೆ ಭಾಷೆಯವಾದವು. ಅಂದರೆ ಒಂದು ಮಗು ದಿನಕ್ಕೆ ಎಷ್ಟು ಸಲ ಕನ್ನಡವನ್ನು ಕಾಣುತ್ತದೆ, ಕೇಳುತ್ತದೆ ಎಂಬ ಲೆಕ್ಕ ಇಳಿಯಿತು.

ಮೂರು ದಾರಿಗಳು

ಲುಯಿಜಿ ಲೂಕಾ ಕವಾಲಿ-ಸ್ಫೋರ್ಜಾ ಮತ್ತು ಮಾರ್ಕಸ್ ಫೆಲ್ಡ್‌ಮನ್ 1981ರಲ್ಲಿ ಸಂಸ್ಕೃತಿ ದಾಟುವ ಮೂರು ದಾರಿಗಳನ್ನು ಗುರುತಿಸಿದರು. ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವುದು ನೇರ ದಾರಿ. ಮೇಷ್ಟ್ರು, ಚಿಕ್ಕಪ್ಪ, ಭಾಗವತರು, ಪುರೋಹಿತರು ಹೀಗೆ ಹೊರಗಿನ ಹಿರಿಯರಿಂದ ಬರುವುದು ಓರೆ ದಾರಿ. ಓರಗೆಯವರಿಂದ ಬರುವುದು ಅಡ್ಡ ದಾರಿ. ನೇರ ದಾರಿ ನಿಧಾನ, ಆದರೆ ಗಟ್ಟಿ. ಅಡ್ಡ ದಾರಿ ಬಲು ಬೇಗ.

ಗಡಿನಾಡಿನಲ್ಲಿ ನಾವು ಇಷ್ಟು ವರ್ಷ ಹೆಚ್ಚಾಗಿ ನೆಚ್ಚಿಕೊಂಡದ್ದು ಓರೆ ದಾರಿಯನ್ನು, ಅಂದರೆ ಕನ್ನಡ ಶಾಲೆಯನ್ನು. ಮನವಿ ಕೊಟ್ಟದ್ದು, ಧರಣಿ ಕೂತದ್ದು ಎಲ್ಲ ಅದಕ್ಕಾಗಿ. ಅದು ಬೇಕೇ ಬೇಕು, ಬಿಡುವ ಮಾತಿಲ್ಲ. ಆದರೆ ಶಾಲೆ ಇದೆಯಲ್ಲ ಎಂದು ಮನೆಯಲ್ಲಿ ಸುಮ್ಮನಾದವರೂ ಇದ್ದಾರೆ. ಊಟಕ್ಕೆ ಕರೆಯುವುದು, ಗದರಿಸುವುದು, ಲೆಕ್ಕ ಹೇಳಿಕೊಡುವುದು ಇನ್ನೊಂದು ಭಾಷೆಗೆ ಹೋದ ಮನೆಯಲ್ಲಿ ನೇರ ದಾರಿ ಮುಚ್ಚಿದಂತೆಯೇ.

ಇನ್ನು ಅಡ್ಡ ದಾರಿ. ನಮ್ಮ ಕಿರಿಯರು ಮಾಡುವ ಮೀಮುಗಳು ಓಡುವುದು ಅಲ್ಲೇ. ಕನ್ನಡ ಪುಸ್ತಕ ಮುಟ್ಟದ ಹೊಸೂರಿನ ಹುಡುಗಿ ಒಂದು ಕನ್ನಡ ಮೀಮನ್ನು ಓದಿ, ನಕ್ಕು, ಮಡಕಶಿರದ ಗೆಳತಿಗೆ ಕಳಿಸಿದರೆ ಕನ್ನಡದ ಒಂದು ನಕಲು ಆಯಿತು. ಅದನ್ನು ಹುಡುಗಾಟವೆಂದು ನಿಲ್ಲಿಸುವುದಕ್ಕಿಂತ, ಕನ್ನಡ ಅಕ್ಷರದಲ್ಲೇ ಬರೆಯಿರಿ, ಕಾಗುಣಿತ ನೋಡಿಕೊಳ್ಳಿ, ಸಿನಿಮಾ ಮಾತಿನ ಜೊತೆ ನಿಮ್ಮೂರಿನ ಗಾದೆಯನ್ನೂ ಹಾಕಿ ಎಂದು ಹೇಳುವುದು ಲೇಸು.

ಮೀಮಿನ ವಿಚಾರಕ್ಕೆ ವಿರೋಧವೂ ಇದೆ. ಜೀನಿನಂತೆ ಮೀಮ್ ಅಚ್ಚೊತ್ತಿದ ಹಾಗೆ ನಕಲಾಗುವುದಿಲ್ಲ, ಪ್ರತಿಯೊಬ್ಬರೂ ಕೇಳಿದ್ದನ್ನು ತಮ್ಮ ತಲೆಯಲ್ಲಿ ಮತ್ತೆ ಕಟ್ಟುತ್ತಾರೆ ಎಂದು ಫ್ರಾನ್ಸಿನ ಡಾನ್ ಸ್ಪರ್ಬರ್ ವಾದಿಸಿದ್ದಾರೆ. ಬಾರ್ಟ್ಲೆಟ್ಟರ ಪರೀಕ್ಷೆಯಲ್ಲೂ ಅದೇ ಕಂಡದ್ದು. ನಮಗೆ ಇದು ಸಮಾಧಾನದ ಮಾತಾಗಿಯೇ ಕೇಳಿಸುತ್ತದೆ. ಮೊಮ್ಮಗಳ ಕನ್ನಡ ಅಜ್ಜಿಯ ಕನ್ನಡದ ಹಾಗೇ ಇರಬೇಕಾಗಿಲ್ಲ. ಆದರೆ ಮತ್ತೆ ಕಟ್ಟಲು ಸಾಮಾನು ಬೇಕು, ಅವಳ ಕಿವಿಗೆ ಬೀಳಬೇಕು.

ಸಂಘದ ಕಪಾಟಿನಲ್ಲಿ ಹಳೆಯ ಪುಸ್ತಕಗಳಿವೆ, ಧ್ವನಿಮುದ್ರಣದ ಕ್ಯಾಸೆಟ್‌ಗಳಿವೆ. ಅವನ್ನು ಕಾಪಾಡುವುದು ಸಂಘದ ಕರ್ತವ್ಯ. ಆದರೆ ಕಪಾಟಿನೊಳಗಿನದು ಮರಿ ಹಾಕುವುದಿಲ್ಲ.

ಮುಂದಿನ ಸಭೆಗೆ ಒಂದು ಕೆಲಸ

ಆದ್ದರಿಂದ ಮುಂದಿನ ಮಾಸಿಕ ಸಭೆಗೆ ಪ್ರತಿ ಶಾಖೆಯ ಸದಸ್ಯರಲ್ಲೂ ಒಂದು ಕೋರಿಕೆ. ನಿಮ್ಮ ಊರಿನ ಒಂದು ಒಗಟು, ಒಂದು ಗಾದೆ, ಆಟದ ಪದ ಅಥವಾ ಅಡುಗೆಯ ವಿಧಾನ ಆರಿಸಿಕೊಳ್ಳಿ. ಬರೆದು ನಮಗೆ ಕಳಿಸಬೇಡಿ. ಒಂದು ಮಗುವಿಗೆ ಬಾಯಲ್ಲಿ ಕಲಿಸಿ, ಆ ಮಗುವನ್ನು ಸಭೆಗೆ ಕರೆತನ್ನಿ. ಸಭೆಯಲ್ಲಿ ಮಗು ಹೇಳಲಿ, ಹಿರಿಯರು ಕೇಳೋಣ. ಅಲ್ಲಿ ಆ ಮಗು ಇನ್ನೊಂದು ಊರಿನ ಮಗುವಿಗೆ ಅದನ್ನು ಕಲಿಸಬೇಕು. ಹೇಳುವಾಗ ಒಂದು ಪದ ಬದಲಾದರೆ ಯಾರೂ ತಿದ್ದಲು ಹೋಗಬಾರದೆಂದು ಸಮಿತಿಯ ಸೂಚನೆ.

ಇದಾದ ಮೇಲೆ ಕಿರಿಯರ ಮೀಮ್ ಸ್ಪರ್ಧೆ ಇರುತ್ತದೆ. ನಿಬಂಧನೆ ಎರಡೇ: ಕನ್ನಡ ಲಿಪಿ ಇರಬೇಕು, ಯಾರ ಮನಸ್ಸೂ ನೋಯಬಾರದು. ತೀರ್ಪುಗಾರರಾಗಿ ಹಿರಿಯರೇ ಕೂರುತ್ತಾರೆ. ದಿನಾಂಕ, ಸ್ಥಳವನ್ನು ಕಾರ್ಯಕ್ರಮಗಳ ಪುಟದಲ್ಲಿ ಪ್ರಕಟಿಸುತ್ತೇವೆ. ಮಕ್ಕಳ ಹೆಸರನ್ನು ಆಯಾ ಶಾಖೆಯ ಪ್ರತಿನಿಧಿಗಳಲ್ಲಿ ಮುಂಚಿತವಾಗಿ ನೋಂದಾಯಿಸಿ. ಮಧ್ಯಾಹ್ನದ ಊಟದ ವ್ಯವಸ್ಥೆ ಇದೆ. ಸೊಲ್ಲಾಪುರದ ಸದಸ್ಯರು ಶೇಂಗಾ ಚಟ್ನಿ ತರುವುದಾಗಿ ಒಪ್ಪಿಕೊಂಡಿದ್ದಾರೆ.


ಕಾರ್ಯದರ್ಶಿ